ಹೊಗೆ ನಮ್ಮದು, ಉಸಿರು ಯಾರದು?

ಧೂಮಪಾನದ ಮಾತು ಬಂದಾಗಲೆಲ್ಲ ನಮ್ಮ ಮೊಹಲ್ಲಾಗಳಲ್ಲಿ ಎರಡು ವಾದಗಳು ಕೇಳಿಬರುತ್ತವೆ. ಮೊದಲನೆಯದು: "ನಮ್ಮ ದಾದಾ ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದರು. ಎಂಬತ್ತೈದು ವರ್ಷ ಗಟ್ಟಿಯಾಗಿ ಬದುಕಿದರು. ಅವರಿಗೇನಾಯಿತು?" ಎರಡನೆಯದು: "ಉಬ್ಬಸ ನಮ್ಮ ಖಾಂದಾನಿನಲ್ಲೇ ಇದೆ. ಬೀಡಿ ಬಿಟ್ಟ ಮಾತ್ರಕ್ಕೆ ಹೋಗುತ್ತದೆಯೇ?" ಮೊದಲನೆಯವನು ತನ್ನ ರಕ್ತದ ಬಲವನ್ನು ನಂಬಿದ್ದಾನೆ. ಎರಡನೆಯವನು ತನ್ನ ರಕ್ತದ ದೌರ್ಬಲ್ಯಕ್ಕೆ ಶರಣಾಗಿದ್ದಾನೆ. ಇಬ್ಬರ ಕೈಯಲ್ಲೂ ಬೀಡಿ ಉರಿಯುತ್ತಲೇ ಇದೆ.

ಪ್ರಿಯ ಓದುಗರೇ, ಇವರಿಬ್ಬರನ್ನೂ ಗದರಿಸಿ ಸುಮ್ಮನಾಗಿಸುವುದು ಸುಲಭ. ಆದರೆ ಗದರಿಕೆ ಉತ್ತರವಾಗುವುದಿಲ್ಲ. ಏಕೆಂದರೆ ಇಬ್ಬರ ಮಾತಿನಲ್ಲೂ ಸತ್ಯದ ಒಂದು ಅಂಶವಿದೆ. ಒಂದೇ ಹೊಗೆ ಎಲ್ಲರ ಎದೆಗೂ ಒಂದೇ ರೀತಿ ತಾಗುವುದಿಲ್ಲ ಎಂಬುದನ್ನು ಇಂದು ವಿಜ್ಞಾನವೂ ಒಪ್ಪುತ್ತದೆ. ಹಾಗಿದ್ದರೆ ಪ್ರಶ್ನೆ ಇದು: ಹುಟ್ಟಿನಿಂದಲೇ ನಮ್ಮ ದೇಹಗಳು ಬೇರೆ ಬೇರೆಯಾಗಿದ್ದರೆ ನಮ್ಮ ಹೊಣೆಗಾರಿಕೆಯೂ ಬೇರೆ ಬೇರೆಯೇ? ಗಟ್ಟಿ ದೇಹದವನಿಗೆ ಒಂದು ನ್ಯಾಯ, ದುರ್ಬಲನಿಗೆ ಇನ್ನೊಂದು ನ್ಯಾಯವೇ? ತಾನು ಆರಿಸಿಕೊಳ್ಳದ ರಕ್ತಕ್ಕೆ ಮನುಷ್ಯ ಹೇಗೆ ಉತ್ತರ ಕೊಟ್ಟಾನು?

ಹುಟ್ಟಿನೊಡನೆ ಬಂದದ್ದು

ಉಬ್ಬಸ, ಗೂರಲು, ದಮ್ಮು ಎಂದೆಲ್ಲ ನಾವು ಕರೆಯುವ ಅಸ್ತಮಾ ಶ್ವಾಸನಾಳಗಳ ಕಾಯಿಲೆ. ಈ ರೋಗಿಗಳ ಶ್ವಾಸನಾಳದ ಒಳಪದರ ಊದಿಕೊಂಡು ಸೂಕ್ಷ್ಮವಾಗಿರುತ್ತದೆ. ಧೂಳೋ ಪರಾಗವೋ ನೆಗಡಿಯೋ ಹೊಗೆಯೋ ಸೋಂಕಿದೊಡನೆ ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಗೆ ಲೋಳೆ ತುಂಬುತ್ತದೆ. ಒಳಗೆ ಹೋದ ಗಾಳಿ ಹೊರಬರಲು ಒದ್ದಾಡುತ್ತದೆ. ಎದೆಯಲ್ಲಿ ಸಿಳ್ಳೆಯಂಥ ಸದ್ದು ಏಳುತ್ತದೆ. ನಡುರಾತ್ರಿ ಹಾಸಿಗೆಯಲ್ಲಿ ಎದ್ದು ಕುಳಿತು, ಮೊಣಕಾಲಿಗೆ ಕೈಯೂರಿ ಉಸಿರಿಗಾಗಿ ಹೋರಾಡುವ ಮಗುವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ದೇಶದಲ್ಲಿ 3 ಕೋಟಿಗೂ ಹೆಚ್ಚು ಮಂದಿಗೆ ಈ ಕಾಯಿಲೆ ಇದೆಯೆಂದು ಅಂದಾಜು.

ಇದು ವಂಶದಲ್ಲಿ ಹರಿದು ಬರುವುದುಂಟೇ? ಉಂಟು. ತಂದೆ ಅಥವಾ ತಾಯಿಗೆ ಅಸ್ತಮಾ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಆದರೆ ಅವಳಿ ಮಕ್ಕಳ ಅಧ್ಯಯನಗಳು ಇನ್ನೂ ಒಂದು ಸಂಗತಿಯನ್ನು ತೋರಿಸಿವೆ. ಒಂದೇ ರೂಪದ ಅವಳಿಗಳ ವಂಶವಾಹಿಗಳು, ಅಂದರೆ ಜೀನ್‌ಗಳು, ಬಹುಪಾಲು ಒಂದೇ. ಆದರೂ ಒಬ್ಬನಿಗೆ ಅಸ್ತಮಾ ಬಂದು ಇನ್ನೊಬ್ಬನಿಗೆ ಬಾರದಿರುವುದುಂಟು. ವಂಶವಾಹಿ ತೀರ್ಪು ಬರೆದುಕೊಂಡು ಬರುವುದಿಲ್ಲ, ಒಂದು ಒಲವನ್ನು ಮಾತ್ರ ತರುತ್ತದೆ.

ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಅಸ್ತಮಾದ ಪ್ರಮಾಣವನ್ನು ವರ್ಷಗಟ್ಟಲೆ ಲೆಕ್ಕವಿಟ್ಟಿದ್ದಾರೆ. 1979ರಲ್ಲಿ ಅದು ಶೇ. 9 ಇತ್ತು. 1999ರ ಹೊತ್ತಿಗೆ ಶೇ. 29.5 ಆಯಿತು. ಇದು ಆಸ್ಪತ್ರೆಗೆ ಬಂದವರ ಲೆಕ್ಕ, ಇಡೀ ಊರಿನದಲ್ಲ. ಆದರೂ ಇದು ನಮ್ಮನ್ನು ಯೋಚನೆಗೆ ಹಚ್ಚಬೇಕು. ಇಪ್ಪತ್ತು ವರ್ಷಗಳಲ್ಲಿ ಒಂದು ನಗರದ ಜನರ ವಂಶವಾಹಿಗಳು ಬದಲಾಗುವುದಿಲ್ಲ. ಬದಲಾಗುವುದು ಗಾಳಿ, ಮನೆ, ಜೀವನ ಕ್ರಮ. "ಖಾಂದಾನಿನಲ್ಲೇ ಇದೆ" ಎನ್ನುವ ಸಹೋದರನು ಅರ್ಧ ಸತ್ಯವನ್ನಷ್ಟೇ ಹೇಳುತ್ತಿದ್ದಾನೆ. ಖಾಂದಾನಿನಿಂದ ಬಂದದ್ದು ಒಣಗಿದ ಹುಲ್ಲು. ಕಡ್ಡಿ ಗೀರಿದವರು ಬೇರೆ.

ವಂಶದ ಗುಣ ತಲೆಮಾರು ದಾಟಿ ಬರುತ್ತದೆಂಬುದು ಮುಸಲ್ಮಾನನಿಗೆ ಹೊಸ ವಿಷಯವೂ ಅಲ್ಲ. ತನ್ನ ಪತ್ನಿ ಕಪ್ಪು ಬಣ್ಣದ ಮಗುವನ್ನು ಹೆತ್ತಳೆಂದು ಸಂಶಯಪಟ್ಟು ಬಂದ ಹಳ್ಳಿಗನಿಗೆ ಪ್ರವಾದಿವರ್ಯರು(ಸ) ಅವನ ಒಂಟೆಗಳ ಬಣ್ಣವನ್ನೇ ವಿಚಾರಿಸಿದರು. ಕೆಂಪು ಒಂಟೆಗಳ ಹಿಂಡಿನಲ್ಲಿ ಬೂದು ಬಣ್ಣದ ಮರಿ ಹೇಗೆ ಬಂತೆಂದು ಕೇಳಿದರು. ಹಿಂದಿನ ಯಾವುದೋ ಎಳೆ ಎಳೆದು ತಂದಿರಬೇಕೆಂದು ಅವನೇ ಹೇಳಿದ. ಹಾಗಾದರೆ ನಿನ್ನ ಮಗುವಿನ ವಿಷಯದಲ್ಲೂ ಹಾಗೆಯೇ ಆಗಿರಬಹುದೆಂದು ಅವರು ತಿಳಿಹೇಳಿದರು. ಈ ಘಟನೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಅದರ ಪಾಠವನ್ನು ಗಮನಿಸಿ. ವಂಶದ ಮಾತು ಅಲ್ಲಿ ಬಂದದ್ದು ಒಬ್ಬ ಹೆಣ್ಣನ್ನು ಆರೋಪದಿಂದ ಕಾಪಾಡಲಿಕ್ಕೆ. ಯಾರನ್ನೋ ಹಳಿಯಲಿಕ್ಕಲ್ಲ, ತನ್ನ ಹೊಣೆಯನ್ನು ಕೊಡವಿಕೊಳ್ಳಲಿಕ್ಕೂ ಅಲ್ಲ.

ಹೊಗೆ ಮತ್ತು ವಂಶವಾಹಿ ಸೇರಿದಾಗ

ಈಗ ವಿಜ್ಞಾನಿಗಳು ಕಂಡದ್ದನ್ನು ನೋಡೋಣ. ನಮ್ಮ ಜೀವಕೋಶಗಳಲ್ಲಿ ಹೊಗೆಯಂಥ ವಿಷವಸ್ತುಗಳನ್ನು ತೊಳೆದು ಹಾಕುವ ಕೆಲವು ಕಿಣ್ವಗಳಿವೆ. ಅವುಗಳಲ್ಲೊಂದನ್ನು ತಯಾರಿಸುವ ವಂಶವಾಹಿಯ ಹೆಸರು ಜಿಎಸ್‌ಟಿಎಂ1. ಜಗತ್ತಿನ ಕೋಟ್ಯಂತರ ಜನರಲ್ಲಿ ಈ ವಂಶವಾಹಿ ಹುಟ್ಟಿನಿಂದಲೇ ಇರುವುದಿಲ್ಲ. ಅದು ರೋಗವಲ್ಲ. ಅಂಥವರು ಎಲ್ಲರಂತೆ ಆರೋಗ್ಯದಿಂದ ಬದುಕುತ್ತಾರೆ. ಆದರೆ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಶಾಲಾ ಮಕ್ಕಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ವಂಶವಾಹಿ ಇಲ್ಲದ ಮತ್ತು ಗರ್ಭದಲ್ಲಿದ್ದಾಗ ತಾಯಿ ಸಿಗರೇಟು ಸೇದಿದ್ದ ಮಕ್ಕಳಲ್ಲಿ ಅಸ್ತಮಾ ಹೆಚ್ಚಾಗಿ ಕಂಡುಬಂತು. ವಂಶವಾಹಿ ಇದ್ದ ಮಕ್ಕಳಲ್ಲಿ ತಾಯಿಯ ಸಿಗರೇಟಿನ ಪ್ರಭಾವ ಅಷ್ಟಾಗಿ ಕಾಣಲಿಲ್ಲ.

2007ರಲ್ಲಿ ಹದಿನೇಳನೆಯ ವರ್ಣತಂತುವಿನ ಒಂದು ಭಾಗಕ್ಕೂ ಬಾಲ್ಯದ ಅಸ್ತಮಾಕ್ಕೂ ಸಂಬಂಧವಿದೆಯೆಂದು ತಿಳಿದುಬಂತು. ಮರುವರ್ಷ ಫ್ರಾನ್ಸಿನ ಕುಟುಂಬಗಳ ಅಧ್ಯಯನದಲ್ಲಿ ಇನ್ನೊಂದು ಅಂಶ ಹೊರಬಿತ್ತು. ಈ ಭಾಗದಲ್ಲಿ ಒಂದು ಬಗೆಯ ವ್ಯತ್ಯಾಸ ಇರುವ ಮಕ್ಕಳಿಗೆ ಎಳವೆಯಲ್ಲೇ ಅಸ್ತಮಾ ಬರುವ ಸಂಭವ ಹೆಚ್ಚು. ಶೈಶವದಲ್ಲಿ ಮನೆಯೊಳಗೆ ತಂಬಾಕಿನ ಹೊಗೆಯಿದ್ದರೆ ಆ ಅಪಾಯ ಇನ್ನೂ ಹೆಚ್ಚುತ್ತದೆ.

ಇನ್ನು ಅಸ್ತಮಾ ಇದ್ದೂ ಸೇದುವವರ ವಿಷಯ. ಅಸ್ತಮಾವನ್ನು ಹತೋಟಿಯಲ್ಲಿಡುವ ಮುಖ್ಯ ಔಷಧ ಇನ್‌ಹೇಲರ್ ಮೂಲಕ ಎಳೆದುಕೊಳ್ಳುವ ಸ್ಟಿರಾಯ್ಡ್. ಸೇದುವವರಲ್ಲಿ ಈ ಔಷಧ ಸರಿಯಾಗಿ ಕೆಲಸ ಮಾಡುವುದಿಲ್ಲ. ಒಂದು ಕೈಯಿಂದ ಪಂಪು ಒತ್ತಿ, ಇನ್ನೊಂದು ಕೈಯಿಂದ ಬೀಡಿ ಹಚ್ಚುವವನು ತೂತು ಕೊಡದಲ್ಲಿ ನೀರು ಹೊರುತ್ತಿದ್ದಾನೆ. ಸಂತೋಷದ ವಿಷಯವೆಂದರೆ, ಬಿಟ್ಟವರಿಗೆ ಲಾಭ ಬೇಗನೆ ಸಿಗುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಸಿಗರೇಟು ಬಿಟ್ಟ ಅಸ್ತಮಾ ರೋಗಿಗಳ ಶ್ವಾಸಕೋಶದ ಸಾಮರ್ಥ್ಯ ಆರೇ ವಾರಗಳಲ್ಲಿ ಗಮನಾರ್ಹವಾಗಿ ಸುಧಾರಿಸಿತ್ತು. ಅವರ ವಂಶವಾಹಿ ಆ ಆರು ವಾರಗಳಲ್ಲಿ ಬದಲಾಗಿರಲಿಲ್ಲ. ಬೀಡಿ ಬಿಟ್ಟರೆ ಉಬ್ಬಸ ಪೂರಾ ಹೋಗುತ್ತದೆಂದು ಯಾರೂ ಹೇಳುವುದಿಲ್ಲ. ಆದರೆ ಹೊರೆ ಇಳಿಯುತ್ತದೆ, ಔಷಧ ಹಿಡಿಯುತ್ತದೆ.

ಹಳೆಯ ವಾದ, ಹೊಸ ವೇಷ

"ಹಾನಿಯಾಗುವವನು ಬಿಡಲಿ, ಆಗದವನು ಸೇದಲಿ" ಎಂಬ ವಾದ ಇಂದಿನದೆಂದು ಭಾವಿಸಬೇಡಿ. ಅದಕ್ಕೆ ನಾನೂರು ವರ್ಷಗಳ ಇತಿಹಾಸವಿದೆ. ಅದರ ಒಂದು ಎಳೆ ನಮ್ಮ ಕರ್ನಾಟಕದ ನೆಲದಲ್ಲೇ ಇದೆ.

ಅಕ್ಬರ್ ಬಾದಶಹನ ಆಸ್ಥಾನಿಕ ಅಸದ್ ಬೇಗ್ 1604ರ ಸುಮಾರಿಗೆ ಬಿಜಾಪುರಕ್ಕೆ ಹೋದಾಗ ಅಲ್ಲಿ ತಂಬಾಕನ್ನು ಕಂಡ. ಅಂಥದ್ದನ್ನು ಅವನು ಹಿಂದೆ ನೋಡಿರಲಿಲ್ಲ. ರತ್ನ ಕೆತ್ತಿದ ಚಿಲುಮೆಯ ಸಮೇತ ಅದನ್ನು ಒಯ್ದು ಬಾದಶಹನಿಗೆ ಒಪ್ಪಿಸಿದ. ಬಾದಶಹ ಎರಡು ಮೂರು ಬಾರಿ ಎಳೆದಾಗ ಆಸ್ಥಾನದ ಹಕೀಮರು ತಡೆದರು. ಯಾವ ಗ್ರಂಥದಲ್ಲೂ ಹೇಳದ, ಯಾರೂ ಪರೀಕ್ಷಿಸದ ವಸ್ತುವನ್ನು ಬಾದಶಹರು ಸೇವಿಸಬಾರದೆಂಬುದು ಅವರ ವಾದ. ಮುಂದೆ 1617ರಲ್ಲಿ ಜಹಾಂಗೀರ್ ತಂಬಾಕು ಸೇವನೆಯನ್ನು ನಿಷೇಧಿಸಿದ. ಫರ್ಮಾನು ಮರೆತುಹೋಯಿತು, ಹುಕ್ಕಾ ಮನೆಮನೆಯಲ್ಲೂ ಉಳಿಯಿತು.

ಅದೇ ಶತಮಾನದಲ್ಲಿ ಅರಬ್ ನಾಡುಗಳ ಉಲಮಾಗಳ ನಡುವೆ ಇದೇ ಚರ್ಚೆ ನಡೆಯಿತು. ಕೈರೋ ನಗರದಲ್ಲಿ ಒಂದೇ ಮಾಲಿಕೀ ಪಂಥದ ಇಬ್ಬರು ದೊಡ್ಡ ವಿದ್ವಾಂಸರು ಎದುರು ಬದುರಾದರು. ಇಬ್ರಾಹೀಮ್ ಅಲ್ ಲಕಾನೀ ಅವರು ಧೂಮಪಾನ ನಿಷಿದ್ಧವೆಂದರು. ಅಲೀ ಅಲ್ ಅಜ್‌ಹೂರೀ (ಮರಣ 1656) ಅವರು, ಅದು ಬುದ್ಧಿಯನ್ನು ಮಂಕಾಗಿಸುವುದಿಲ್ಲವಾದ್ದರಿಂದ ಮೂಲತಃ ಅನುಮತಿಸಲ್ಪಟ್ಟದ್ದು, ಯಾರಿಗೆ ಹಾನಿ ಮಾಡುವುದೋ ಅವರಿಗೆ ಮಾತ್ರ ನಿಷಿದ್ಧ ಎಂದು ವಾದಿಸಿದರು. ಮುಂದೆ ದಮಾಸ್ಕಸ್‌ನ ಅಬ್ದುಲ್ ಗನೀ ಅನ್ನಾಬುಲುಸೀ (ಮರಣ 1731) ಅವರೂ ಅನುಮತಿಯ ಪಕ್ಷವನ್ನೇ ಹಿಡಿದು ಗ್ರಂಥ ಬರೆದರು.

ಆ ವಿದ್ವಾಂಸರನ್ನು ಇಂದು ನಾವು ಹಗುರವಾಗಿ ಕಾಣಬಾರದು. ದೇವನು ನಿಷೇಧಿಸದ್ದನ್ನು ತಮ್ಮ ಇಷ್ಟಾನಿಷ್ಟಗಳಿಂದ ನಿಷೇಧಿಸಲು ಅವರು ಹೆದರಿದರು. ಆ ಹೆದರಿಕೆ ಗೌರವಕ್ಕೆ ಅರ್ಹವಾದದ್ದು. ಆದರೆ ಅವರ ತೀರ್ಪಿನ ಬುಡದಲ್ಲಿ ಮೂರು ಗ್ರಹಿಕೆಗಳಿದ್ದವು. ಒಂದು, ಹಾನಿಯಾದರೆ ಅದು ಸೇದುವವನಿಗೇ ಆಗುತ್ತದೆ. ಎರಡು, ತನಗೆ ಹಾನಿಯಾಗುತ್ತಿದೆಯೋ ಇಲ್ಲವೋ ಎಂಬುದು ಅವನಿಗೇ ತಿಳಿಯುತ್ತದೆ. ಮೂರು, ಹಾನಿ ಕೆಲವರಿಗಷ್ಟೇ, ಉಳಿದವರು ಕ್ಷೇಮ.

ಇಂದು ಈ ಮೂರೂ ಕಂಬಗಳು ಬಿದ್ದಿವೆ. ಸೇದುವವನ ಹೊಗೆ ಪತ್ನಿಯನ್ನೂ ಮಗುವನ್ನೂ ನೆರೆಯವನನ್ನೂ ಮುಟ್ಟುತ್ತದೆಂದು ಸಿದ್ಧವಾಗಿದೆ. ಹಾನಿ ಮೈಯೊಳಗೆ ಹತ್ತಿಪ್ಪತ್ತು ವರ್ಷ ಅಡಗಿ ಕುಳಿತು ಕಡೆಗೆ ಮುಖ ತೋರಿಸುತ್ತದೆ. ಅಸ್ತಮಾದಿಂದ ಪಾರು ಮಾಡಿದ ವಂಶವಾಹಿ ಹೃದಯಾಘಾತದಿಂದಾಗಲಿ ಕ್ಯಾನ್ಸರಿನಿಂದಾಗಲಿ ಪಾರು ಮಾಡುವುದಿಲ್ಲ. ಹೊಗೆಯಿಂದ ಪೂರ್ಣ ರಕ್ಷಣೆ ಕೊಡುವ ರಕ್ತವನ್ನು ಯಾರೂ ಕಂಡಿಲ್ಲ. ಎಂಬತ್ತೈದರ ದಾದಾ ಜಗಲಿಯ ಮೇಲೆ ಕುಳಿತಿರುವುದರಿಂದ ನಮ್ಮ ಕಣ್ಣಿಗೆ ಬೀಳುತ್ತಾರೆ. ಐವತ್ತಕ್ಕೇ ಹೊರಟುಹೋದವರು ಖಬರಸ್ತಾನದಲ್ಲಿದ್ದಾರೆ. ಅವರು ಎದ್ದು ಬಂದು ಸಾಕ್ಷಿ ಹೇಳುವುದಿಲ್ಲ. ಅಂದಿನ ತಿಳಿವಳಿಕೆಯ ಮೇಲೆ ನಿಂತ ರಿಯಾಯಿತಿಯನ್ನು ಇಂದಿನ ತಿಳಿವಳಿಕೆ ಇದ್ದೂ ಹಿಡಿದುಕೊಂಡಿರುವುದು ವಿದ್ವಾಂಸರ ಅನುಸರಣೆಯಲ್ಲ, ಅಭ್ಯಾಸದ ಅನುಸರಣೆ. ಇಂದಿನ ಉಲಮಾಗಳಲ್ಲಿ ಅನೇಕರು ಇದನ್ನು ಹರಾಮ್ ಎಂದೂ ಕೆಲವರು ಮಕ್ರೂಹ್ ಎಂದೂ ಹೇಳುತ್ತಾರೆ. ಒಳ್ಳೆಯ ಕೆಲಸವೆಂದು ಹೇಳುವವರು ಯಾರೂ ಇಲ್ಲ.

ಬಾಣದ ಮೊನೆಯನ್ನು ಹಿಡಿದುಕೊಳ್ಳಿ

"ಹಾಗಾದರೆ ವಂಶವಾಹಿಯನ್ನು ಪರೀಕ್ಷಿಸಿಬಿಡೋಣ. ನನ್ನ ಮನೆಯವರ ರಕ್ತ ಗಟ್ಟಿಯಿದ್ದರೆ ನಾನು ಸೇದುತ್ತೇನೆ" ಎಂದು ಯಾರಾದರೂ ಹೇಳಬಹುದು. ಈ ಮಾತಿನಲ್ಲೇ ನಮ್ಮ ನೈತಿಕ ಪ್ರಶ್ನೆಯ ಗಂಟು ಇದೆ.

ಮೊದಲಿಗೆ, ಅಂಥ ಪರೀಕ್ಷೆಯಿಂದ ಉತ್ತರ ಸಿಗುವುದಿಲ್ಲ. ಅಸ್ತಮಾ ಒಂದು ವಂಶವಾಹಿಯ ಕೆಲಸವಲ್ಲ. ಹತ್ತಾರು ವಂಶವಾಹಿಗಳು, ಒಂದೊಂದೂ ಚೂರು ಚೂರು ಪ್ರಭಾವ ಬೀರುತ್ತವೆ. ಈ ಮಗುವಿಗೆ ಬರುತ್ತದೆ, ಆ ಮಗುವಿಗೆ ಬರುವುದಿಲ್ಲ ಎಂದು ಹೇಳುವ ಶಕ್ತಿ ಯಾವ ಪರೀಕ್ಷೆಗೂ ಇಲ್ಲ. ನಾನು ಮಕ್ಕಳಿಗೆ ಪಾಠ ಹೇಳುವವನು. ಬೆಂಚುಗಳಲ್ಲಿ ಕುಳಿತ ಮಕ್ಕಳಲ್ಲಿ ಯಾರ ಕಣ್ಣು ಮಂದ, ಯಾರ ಕಿವಿ ಮಂದ ಎಂಬುದು ವಾರದೊಳಗೆ ತಿಳಿಯುತ್ತದೆ. ಯಾರ ಶ್ವಾಸನಾಳ ಯಾವ ಬಗೆಯದು ಎಂಬುದನ್ನು ಮುಖ ನೋಡಿ ಹೇಳಲಾಗದು.

ತಿಳಿಯದಿದ್ದಾಗ ನಮ್ಮ ಕರ್ತವ್ಯವೇನು? ಬಾಣಗಳನ್ನು ಹಿಡಿದು ಮಸೀದಿಯಲ್ಲೋ ಪೇಟೆಯಲ್ಲೋ ಹಾದುಹೋಗುವವನು ಅವುಗಳ ಮೊನೆಗಳನ್ನು ಕೈಯಲ್ಲಿ ಹಿಡಿದುಕೊಂಡಿರಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆ ಮನುಷ್ಯನಿಗೆ ಯಾರನ್ನೂ ಗಾಯಗೊಳಿಸುವ ಉದ್ದೇಶವಿಲ್ಲ. ಯಾರಿಗೆ ತಾಗೀತೆಂಬುದೂ ಅವನಿಗೆ ಗೊತ್ತಿಲ್ಲ. ಹೆಚ್ಚಿನ ದಿನಗಳಲ್ಲಿ ಯಾರಿಗೂ ತಾಗುವುದೇ ಇಲ್ಲ. ಆದರೂ ಮೊನೆ ಹಿಡಿಯುವ ಹೊಣೆ ಅವನದೇ. ದಾರಿಯಲ್ಲಿ ಬರುವವನ ಚರ್ಮ ದಪ್ಪವೋ ತೆಳುವೋ ಎಂದು ವಿಚಾರಿಸುವ ಅಧಿಕಾರ ಅವನಿಗಿಲ್ಲ. ಯಾರು ದುರ್ಬಲರೆಂದು ಗೊತ್ತಿಲ್ಲದಿದ್ದಾಗ ಪ್ರತಿಯೊಬ್ಬರನ್ನೂ ಆ ದುರ್ಬಲನೆಂದೇ ಎಣಿಸಿ ನಡೆದುಕೊಳ್ಳಬೇಕು. ವಂಶವಾಹಿಗಳ ಬಗ್ಗೆ ವಿಜ್ಞಾನ ಹೇಳಿದ್ದರಿಂದ ನಮ್ಮ ಹೊಣೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ದುರ್ಬಲರು ನಮ್ಮ ನಡುವೆ ಇದ್ದಾರೆ, ಅವರ ಗುರುತು ನಮಗಿಲ್ಲ ಎಂಬ ಎರಡು ವಿಷಯಗಳೂ ಈಗ ನಮಗೆ ಗೊತ್ತಿವೆ.

ಇಬ್ಬರು ತಂದೆಯರನ್ನು ಊಹಿಸಿಕೊಳ್ಳಿ. ಇಬ್ಬರದೂ ಒಂದೇ ಕೋಣೆಯ ಮನೆ. ಇಬ್ಬರೂ ರಾತ್ರಿ ಊಟವಾದ ಮೇಲೆ ಮಲಗಿದ ಮಕ್ಕಳ ಪಕ್ಕದಲ್ಲೇ ಬೀಡಿ ಹಚ್ಚುತ್ತಾರೆ. ಒಬ್ಬನ ಮಗು ಗಟ್ಟಿಯಾಗಿ ಬೆಳೆಯುತ್ತದೆ. ಇನ್ನೊಬ್ಬನ ಮಗುವಿಗೆ ಮೂರನೆಯ ವರ್ಷಕ್ಕೇ ಉಬ್ಬಸ. ನಾವು ಎರಡನೆಯವನನ್ನು ಮಾತ್ರ ದೂರುತ್ತೇವೆ. ಆದರೆ ಇಬ್ಬರೂ ಮಾಡಿದ್ದು ಒಂದೇ ಕೆಲಸ. ಒಬ್ಬನ ಮಗುವಿನ ರಕ್ತ ಅದನ್ನು ತಾಳಿಕೊಂಡಿತು, ಅಷ್ಟೆ. ಪಾರಾದವನು ನಿರಪರಾಧಿಯಲ್ಲ, ಅವನ ಮೇಲೆ ಕೃಪೆಯಾಗಿದೆ. ಕೃಪೆಯನ್ನು ತನ್ನ ಅರ್ಹತೆಯೆಂದು ತಿಳಿಯುವುದು ಕೃತಘ್ನತೆ. ಎರಡನೆಯವನಿಗೂ ನ್ಯಾಯ ಸಲ್ಲಬೇಕು. ಅವನ ತಪ್ಪು ಮೊದಲನೆಯವನ ತಪ್ಪಿಗಿಂತ ದೊಡ್ಡದಲ್ಲ, ಅವನ ದುಃಖ ಮಾತ್ರ ದೊಡ್ಡದು. ಆದುದರಿಂದ ಅವನನ್ನು ಹಳಿಯುವುದಕ್ಕಿಂತ ಮೊದಲು ಪ್ರತಿಯೊಬ್ಬನೂ ತನ್ನ ಮನೆಯ ಗಾಳಿಯನ್ನು ನೋಡಿಕೊಳ್ಳಬೇಕು.

ಇದು ಬರಿಯ ಆದರ್ಶದ ಮಾತಲ್ಲ. ಸ್ಕಾಟ್ಲೆಂಡಿನಲ್ಲಿ 2006ರಲ್ಲಿ ಮುಚ್ಚಿದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿದರು. ಅದಕ್ಕೆ ಮೊದಲು ಅಸ್ತಮಾದಿಂದ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ವರ್ಷಕ್ಕೆ ಸುಮಾರು ಶೇ. 5ರಂತೆ ಏರುತ್ತಿತ್ತು. ಕಾನೂನು ಬಂದ ಮೇಲೆ ವರ್ಷಕ್ಕೆ ಸುಮಾರು ಶೇ. 18ರಂತೆ ಇಳಿಯಿತು. ಯಾವ ಮಗುವಿನ ವಂಶವಾಹಿಯನ್ನೂ ಯಾರೂ ಪರೀಕ್ಷಿಸಲಿಲ್ಲ. ಎಲ್ಲರೂ ಬಾಣದ ಮೊನೆಯನ್ನು ಹಿಡಿದುಕೊಂಡರು, ಅಷ್ಟೆ.

ನಮ್ಮಲ್ಲೂ ಕಾನೂನಿದೆ. 1999ರಲ್ಲಿ ಕೇರಳ ಹೈಕೋರ್ಟ್ ಸಾರ್ವಜನಿಕ ಸ್ಥಳದ ಧೂಮಪಾನವನ್ನು ತಡೆಯುವ ತೀರ್ಪು ಕೊಟ್ಟಿತು. 2003ರಲ್ಲಿ ಕೇಂದ್ರದ ಕಾಯ್ದೆ ಬಂತು. 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ನಿಷೇಧ ಬಿಗಿಯಾಯಿತು. ಕರ್ನಾಟಕ ಸರಕಾರವು ತನ್ನ ತಿದ್ದುಪಡಿಯ ಮೂಲಕ 2025ರಲ್ಲಿ ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿ, ದಂಡವನ್ನೂ ಹೆಚ್ಚಿಸಿತು. ಆದರೆ ಕಾನೂನು ಮನೆಯ ಹೊಸ್ತಿಲಿನಲ್ಲೇ ನಿಲ್ಲುತ್ತದೆ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಶೇ. 38.7ರಷ್ಟು ಮಂದಿ ಮನೆಯಲ್ಲೇ ಬೇರೆಯವರ ಹೊಗೆಗೆ ಒಡ್ಡಿಕೊಳ್ಳುತ್ತಾರೆ. ಪೊಲೀಸನು ಬಾರದ ಆ ಕೋಣೆಯೊಳಗೆ ಕಾವಲಿಗೆ ಇರುವುದು ದೇವಭಯವೊಂದೇ.

ವಿಧಿಯೆಂಬ ನೆಪ

ಇನ್ನು ಎರಡನೆಯ ವಾದಕ್ಕೆ ಬರೋಣ. "ಎಲ್ಲವೂ ಅಲ್ಲಾಹನ ವಿಧಿ. ಬರುವ ಕಾಯಿಲೆ ಬಂದೇ ಬರುತ್ತದೆ." ಹೀಗೆ ಹೇಳುವವರಿಗೆ ಖಲೀಫಾ ಉಮರ್(ರ) ಅವರ ಪ್ರಯಾಣವನ್ನು ನೆನಪಿಸಬೇಕು. ಸಿರಿಯಾದಲ್ಲಿ ಸಾಂಕ್ರಾಮಿಕ ಹಬ್ಬಿದೆಯೆಂದು ದಾರಿಯಲ್ಲಿ ತಿಳಿದಾಗ ಅವರು ಹಿಂದಿರುಗಲು ನಿರ್ಧರಿಸಿದರು. ಅಬೂ ಉಬೈದಾ(ರ) ಅವರು, ಇದು ಅಲ್ಲಾಹನ ವಿಧಿಯಿಂದ ಓಡಿಹೋದಂತಾಗದೇ ಎಂದು ಆಕ್ಷೇಪಿಸಿದರು. ತಾವು ಒಂದು ವಿಧಿಯಿಂದ ಇನ್ನೊಂದು ವಿಧಿಯೆಡೆಗೇ ಹೋಗುತ್ತಿರುವುದಾಗಿ ಉಮರ್(ರ) ಉತ್ತರಿಸಿದರು. ಜತೆಗೊಂದು ಉದಾಹರಣೆಯನ್ನೂ ಕೊಟ್ಟರು. ಕಣಿವೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು. ಒಂಟೆಗಳನ್ನು ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಅಲ್ಲವೇ?

ಒಂಟೆ ಸಿಕ್ಕಿದ್ದು, ಕಣಿವೆ ಎದುರಾದದ್ದು ನಮ್ಮ ಕೈಯಲ್ಲಿಲ್ಲ. ಎತ್ತ ಹೊಡೆದುಕೊಂಡು ಹೋಗುವುದು ನಮ್ಮ ಕೈಯಲ್ಲಿದೆ. ಶ್ವಾಸನಾಳದ ಸ್ವಭಾವ ನಮಗೆ ಸಿಕ್ಕಿದ್ದು. ಅದರೊಳಗೆ ಏನನ್ನು ಬಿಡುತ್ತೇವೆಂಬುದು ನಾವು ಮಾಡಿದ್ದು. ನಾಳೆ ವಿಚಾರಣೆಯ ದಿನ ದೇಹವನ್ನು ಯಾವುದರಲ್ಲಿ ಸವೆಸಿದೆಯೆಂದು ಪ್ರತಿಯೊಬ್ಬನನ್ನೂ ಕೇಳಲಾಗುವುದು. ದೇಹ ಯಾವ ಬಗೆಯದಾಗಿತ್ತೆಂದು ಕೇಳಲಾಗುವುದಿಲ್ಲ. ಅಮಾನತ್ತು ಸಣ್ಣದಿದ್ದರೂ ಅಮಾನತ್ತೇ. ಬಿರುಕು ಬಿಟ್ಟ ಪಾತ್ರೆಯನ್ನು ಇಟ್ಟುಕೊಳ್ಳಲು ಕೊಟ್ಟರೆ ಇನ್ನೂ ಜೋಪಾನವಾಗಿ ನೋಡಿಕೊಳ್ಳುತ್ತೇವೆ, ಒಡೆದು ಹಾಕುವುದಿಲ್ಲ.

ಆದರೆ ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಚಟ ಹಿಡಿಯುವುದರಲ್ಲೂ ವಂಶವಾಹಿಯ ಪಾತ್ರವಿದೆ. ನಿಕೋಟಿನ್ ಮೆದುಳಿನಲ್ಲಿ ಹೋಗಿ ಕೂರುವ ಜಾಗಕ್ಕೆ ಸಂಬಂಧಪಟ್ಟ ಹದಿನೈದನೆಯ ವರ್ಣತಂತುವಿನ ಕೆಲವು ವ್ಯತ್ಯಾಸಗಳು ಹೆಚ್ಚು ಸೇದುವುದರೊಡನೆ ಕೂಡಿಕೊಂಡಿವೆಯೆಂದು 2008ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಒಬ್ಬನು ಒಂದೇ ದಿನ ಬಿಟ್ಟುಬಿಡುತ್ತಾನೆ, ಇನ್ನೊಬ್ಬನು ಹತ್ತು ಬಾರಿ ಬಿಟ್ಟು ಹತ್ತು ಬಾರಿ ಹಿಡಿಯುತ್ತಾನೆ. ಸುಲಭವಾಗಿ ಬಿಟ್ಟವನು ಎರಡನೆಯವನನ್ನು ಇಮಾನಿನ ಬಲವಿಲ್ಲದವನೆಂದು ಜರೆಯುವುದು ಅನ್ಯಾಯ. ಅಲ್ಲಾಹನು ಯಾರ ಮೇಲೂ ಅವರ ಶಕ್ತಿಗೆ ಮೀರಿದ ಭಾರ ಹಾಕುವುದಿಲ್ಲವೆಂದು ಪವಿತ್ರ ಕುರ್‌ಆನ್ ಸಾರುತ್ತದೆ. ಒಬ್ಬೊಬ್ಬನ ಭಾರ ಎಷ್ಟೆಂದು ಅವನೇ ಬಲ್ಲ. ಕಷ್ಟಪಟ್ಟು ಹತ್ತನೆಯ ಬಾರಿ ಬಿಡಲು ಹೊರಟವನ ಪ್ರಯತ್ನಕ್ಕೆ ದೇವನ ಬಳಿ ಬೆಲೆ ಹೆಚ್ಚಿರಬಹುದು.

ಕಷ್ಟ ಬೇರೆ, ಅಸಾಧ್ಯ ಬೇರೆ. ರಮಝಾನಿನಲ್ಲಿ ಸಹರಿಯಿಂದ ಇಫ್ತಾರ್‌ವರೆಗೆ ಹದಿಮೂರು ಹದಿನಾಲ್ಕು ಗಂಟೆ ಬೀಡಿ ಮುಟ್ಟದೆ ಇರುವ ಸಾವಿರಾರು ಜನ ನಮ್ಮ ಮೈಸೂರಿನಲ್ಲೇ ಇದ್ದಾರೆ. ಮೂವತ್ತು ದಿನ ಹಗಲಿಡೀ ತಡೆದುಕೊಂಡ ಮನುಷ್ಯನಿಗೆ ರಾತ್ರಿ ಮಗುವಿನ ಪಕ್ಕದಲ್ಲಿ ತಡೆದುಕೊಳ್ಳುವ ಶಕ್ತಿ ಇಲ್ಲವೆಂದರೆ ನಂಬುವುದು ಹೇಗೆ?

ಕಳಂಕವಲ್ಲ

ವಂಶದ ಮಾತು ಎತ್ತಿದ ಮೇಲೆ ಇನ್ನೊಂದು ಅಪಾಯವನ್ನೂ ಹೇಳದೆ ಇರಲಾರೆ. ನಮ್ಮ ಸಮಾಜದಲ್ಲಿ ಅಸ್ತಮಾ ಇರುವ ಹೆಣ್ಣುಮಗಳ ಕಾಯಿಲೆಯನ್ನು ಮುಚ್ಚಿಡುತ್ತಾರೆ. ಹುಡುಗಿ ನೋಡಲು ಬರುವ ದಿನ ಇನ್‌ಹೇಲರ್ ಕಪಾಟು ಸೇರುತ್ತದೆ. ನಾಲ್ಕು ಜನರೆದುರು ಪಂಪು ಬಳಸಲು ನಾಚಿ, ಔಷಧ ತಪ್ಪಿಸಿ, ನಡುರಾತ್ರಿ ಆಸ್ಪತ್ರೆಗೆ ಓಡುವ ಯುವತಿಯರಿದ್ದಾರೆ. ಮಗುವಿಗೆ ಉಬ್ಬಸ ಬಂದರೆ ತಾಯಿಯ ತವರಿನ ರಕ್ತದ ಮೇಲೆ ಗೂಬೆ ಕೂರಿಸುವ ಅತ್ತೆಯರಿದ್ದಾರೆ. ಅದೇ ಮನೆಯ ಗಂಡಸರು ಕೋಣೆಯಲ್ಲಿ ಬಿಟ್ಟ ಹೊಗೆಯ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಆರಿಸಿಕೊಳ್ಳದ ರಕ್ತಕ್ಕಾಗಿ ಹೆಣ್ಣನ್ನು ಶಿಕ್ಷಿಸಿ, ಆರಿಸಿಕೊಂಡ ಹೊಗೆಗಾಗಿ ಗಂಡನ್ನು ಕ್ಷಮಿಸುವುದು ಯಾವ ನ್ಯಾಯ?

ಸಹೋದರಿಯರೇ, ಅಸ್ತಮಾ ಪಾಪದ ಫಲವಲ್ಲ, ವಂಶದ ಕಳಂಕವಲ್ಲ, ಮುಟ್ಟಿದರೆ ಅಂಟುವ ಕಾಯಿಲೆಯೂ ಅಲ್ಲ. ಸರಿಯಾದ ಔಷಧದಿಂದ ಹತೋಟಿಗೆ ಬರುವಂಥದ್ದು. ಇನ್‌ಹೇಲರ್ ಚಟ ಹಿಡಿಸುತ್ತದೆಂಬ ಮಾತು ಸುಳ್ಳು. ಚಟ ಹಿಡಿಸುವುದು ಬೀಡಿ.

ಹೊಗೆಯೆಂದರೆ ತಂಬಾಕಿನದು ಮಾತ್ರವೂ ಅಲ್ಲ. ಸೌದೆ ಒಲೆಯ ಮುಂದೆ ಅಡುಗೆ ಮಾಡುವ ಹೆಂಗಸರ ಶ್ವಾಸಕೋಶದ ಕಾಯಿಲೆಗಳ ಬಗ್ಗೆ ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು ನಂಜನಗೂಡು ತಾಲೂಕಿನ ಹಳ್ಳಿಗಳಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಎಂದೂ ಸೇದದ ಹೆಂಗಸರ ಎದೆಯಲ್ಲೂ ಹೊಗೆ ಮನೆ ಮಾಡುತ್ತದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಉರಿಸುವ ಊದಿನಕಡ್ಡಿ, ಸೊಳ್ಳೆ ಬತ್ತಿಗಳೂ ಉಬ್ಬಸದವರಿಗೆ ಹಿತವಲ್ಲ.

ಬೀಡಿ ಕಟ್ಟುವ ಕೈಗಳು

ಕಡೆಯದಾಗಿ ಒಂದು ಕಠಿಣ ಪ್ರಶ್ನೆ. ಮೈಸೂರಿನ ಮೊಹಲ್ಲಾಗಳಲ್ಲಿ ಬೀಡಿ ಕಟ್ಟಿ ಮನೆ ನಡೆಸಿದ ತಾಯಂದಿರು ಅಸಂಖ್ಯ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ನೂಲು ಸುತ್ತಿ ಮಕ್ಕಳ ಫೀಸು ಕಟ್ಟಿದವರು ಅವರು. ಹುಣಸೂರು, ಪಿರಿಯಾಪಟ್ಟಣದ ರೈತರ ಬದುಕು ಹೊಗೆಸೊಪ್ಪಿನ ಹರಾಜು ಕಟ್ಟೆಯನ್ನೇ ನಂಬಿದೆ. ಅವರೆಲ್ಲರನ್ನು ಪಾಪಿಗಳೆನ್ನುವ ಅಧಿಕಾರ ಬೀಡಿ ಕೊಂಡು ಸೇದುವ ನಮಗೆ ಇಲ್ಲ. ಆ ಪುಡಿಯ ಘಾಟನ್ನು ದಿನವಿಡೀ ಉಸಿರಾಡುವವರು ಅವರೇ. ಅದೇ ಕೋಣೆಯಲ್ಲಿ ಅವರ ಕೂಸುಗಳೂ ಮಲಗಿರುತ್ತವೆ. ಬೇರೆ ದುಡಿಮೆಯ ದಾರಿ ತೋರಿಸದೆ ಉಪದೇಶ ಮಾಡುವುದು ಸುಲಭದ ಧರ್ಮ. ಹೊಲಿಗೆಯೋ ಬೇರೆ ಕೈಕಸುಬೋ ಕಲಿಸಿ, ಅವರ ಹೆಣ್ಣುಮಕ್ಕಳ ಓದಿಗೆ ನೆರವಾಗಿ, ಝಕಾತಿನ ಹಣವನ್ನು ಅರ್ಹರಿಗೆ ಯ���ಜನೆಯಿಂದ ತಲಪಿಸುವುದು ಜಮಾಅತಿನ ಕೆಲಸ. ಅದು ಆಗುವವರೆಗೆ ಆ ತಾಯಂದಿರ ಉಸಿರಿನ ಲೆಕ್ಕದಲ್ಲಿ ನಮ್ಮ ಪಾಲೂ ಇದೆ.

ಹಡಗಿನ ಕೆಳ ಅಂತಸ್ತಿನವರು ನೀರಿಗಾಗಿ ತಮ್ಮ ಪಾಲಿನ ತಳದಲ್ಲಿ ರಂಧ್ರ ಕೊರೆಯಹೊರಟ ದೃಷ್ಟಾಂತವನ್ನು ನೀವು ಹದೀಸಿನಲ್ಲಿ ಓದಿರುತ್ತೀರಿ. ಮೇಲಿನವರು ತಡೆದರೆ ಎಲ್ಲರೂ ಉಳಿಯುತ್ತಾರೆ, ತಡೆಯದಿದ್ದರೆ ಎಲ್ಲರೂ ಮುಳುಗುತ್ತಾರೆ. ಗಾಳಿಯೂ ಹಡಗಿನಂಥದ್ದೇ. ಅದಕ್ಕೆ ನನ್ನ ಪಾಲು, ನಿನ್ನ ಪಾಲು ಎಂಬ ಗೋಡೆಯಿಲ್ಲ.

ಆದುದರಿಂದ ಓದುಗ ಸಹೋದರರೇ, ಇಷ್ಟನ್ನಾದರೂ ಇಂದೇ ಆರಂಭಿಸಿ. ಮನೆಯೊಳಗೆ, ಮಕ್ಕಳಿರುವಲ್ಲಿ, ಗರ್ಭಿಣಿಯ ಬಳಿ, ಮಸೀದಿಯ ಬಾಗಿಲಲ್ಲಿ ಹೊಗೆ ಬೇಡ. ಅತಿಥಿಗೆ ಸಿಗರೇಟು ನೀಡುವ ಸತ್ಕಾರ ಬೇಡ. ಅಂಗಡಿಯಿಂದ ಬೀಡಿ ತರಲು ಮಗನನ್ನು ಕಳುಹಿಸಬೇಡಿ. ಉಬ್ಬಸವಿರುವವರು ಔಷಧವನ್ನು ನಾಚದೆ ತೆಗೆದುಕೊಳ್ಳಿ. ಬಿಡಲು ಒದ್ದಾಡುವವರು ವೈದ್ಯರ ನೆರವು ಕೇಳಿ, ಅದರಲ್ಲಿ ಅವಮಾನವಿಲ್ಲ. ಗಟ್ಟಿ ಎದೆಯ ವರ ಪಡೆದವರು ಅದಕ್ಕೆ ಕೃತಜ್ಞತೆಯಾಗಿ ಬಿಡಲಿ. ದುರ್ಬಲ ಎದೆಯವರು ಅಮಾನತ್ತಿನ ರಕ್ಷಣೆಗಾಗಿ ಬಿಡಲಿ.

ನಮ್ಮ ರಕ್ತವನ್ನು ನಾವು ಬರೆದುಕೊಂಡು ಬಂದಿಲ್ಲ. ಆದರೆ ಇಂದು ರಾತ್ರಿ ನಮ್ಮ ಮನೆಯ ಮಗು ಎಂಥ ಗಾಳಿಯನ್ನು ಉಸಿರಾಡುತ್ತದೆ ಎಂಬುದು ನಮ್ಮ ಕೈಯಲ್ಲಿದೆ. ಕೈಯಲ್ಲಿರುವುದರ ಬಗ್ಗೆಯೇ ನಮ್ಮನ್ನು ಕೇಳಲಾಗುವುದು. ಅದಕ್ಕೆ ಉತ್ತರ ಕೊಡುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.